ಅರ್ಧ ಮಾತ್ರೆ

ಶಿಕಾರಿಪುರ
4-6-2024

ಚಿರಂಜೀವಿ ನಯನಳಿಗೆ ನಿನ್ನ ಮಾವ ಹನುಮಂತಪ್ಪನ ಆಶೀರ್ವಾದಗಳು. ನಾವಿಬ್ಬರೂ ಹೇಗಿದ್ದೆವೋ ಹಾಗೇ ಇದ್ದೇವೆ.

ನಿನಗೆ ಊರಿನ ದನ, ಆಡುಗಳಿಗೆ ಔಷಧಿ ಮಾಡುವ ಪಶುಸಖಿ ಕೆಲಸ ಸಿಕ್ಕಿತೆಂದು ನಿಮ್ಮ ಕಡೆ ಬಸ್ಸಿನ ಕಂಡಕ್ಟರ್ ದೇವರಾಜ ಹೇಳಿದ. ಹೇಳಿದ ಎಂದರೆ ಟಿಕೆಟ್ಟಿನ ಹಿಂದೆ ಬರೆದು ತೋರಿಸಿದ. ಮೂವತ್ತೊಂದು ವರ್ಷ ಅಕ್ಕಿ ಮಿಲ್ಲಿನಲ್ಲಿ ನಿಂತ ಈ ಕಿವಿಯಲ್ಲಿ ಮಿಲ್ಲಿನ ಸದ್ದು ಬಿಟ್ಟು ಈಗ ಬೇರೇನೂ ಉಳಿದಿಲ್ಲ. ಫೋನು ನನಗೆ ಕೇಳುವುದಿಲ್ಲ. ಕೇಳುವವಳು ನಿನ್ನತ್ತೆ, ಅವಳು ನಿನ್ನ ಜೊತೆ ಮಾತಾಡುವುದಿಲ್ಲ, ನೀನೂ ಅವಳ ಜೊತೆ ಮಾತಾಡುವುದಿಲ್ಲ. ಅದಕ್ಕೇ ಎಂದಿನಂತೆ ಕಾಗದ ಬರೆಯುತ್ತಿದ್ದೇನೆ.

ವಿಷಯ ಜಿಂಕಿಯದು. ನಮ್ಮ ಪ್ರದೀಪ ಬಳ್ಳಿಗಾವಿಯ ಕೆರೆ ಏರಿಯಿಂದ ಅಂಗಿಯೊಳಗೆ ಹಾಕಿಕೊಂಡು ಬಂದ ನಾಯಿಮರಿಗೆ ಈಗ ಒಂಬತ್ತು ವರ್ಷ. ಹತ್ತು ದಿನದಿಂದ ಹಿಂದಿನ ಬಲಗಾಲು ಊರುತ್ತಿಲ್ಲ. ಗಾಯವಿಲ್ಲ, ಮುಳ್ಳಿಲ್ಲ, ಬೆರಳು ಬಿಡಿಸಿ ನೋಡಿದೆ. ಬೆಳಿಗ್ಗೆ ಏಳುವಾಗ ನರಳುತ್ತದೆ. ನಿನ್ನತ್ತೆಗೂ ಮಂಡಿನೋವು, ಅವಳೂ ಹಾಗೇ ಏಳುವುದು. ಒಬ್ಬರು ಎದ್ದ ಮೇಲೆ ಇನ್ನೊಬ್ಬರು ಏಳುತ್ತಾರೆ. ಪಶು ಆಸ್ಪತ್ರೆಗೆ ಒಮ್ಮೆ ಕರೆದುಕೊಂಡು ಹೋದೆ, ಅವತ್ತು ಡಾಕ್ಟರು ದನಗಳ ಲಸಿಕೆಗೆಂದು ಈಸೂರಿನ ಕಡೆ ಹೋಗಿದ್ದರು. ನೀನು ಈಗ ಇದನ್ನೇ ಕಲಿತವಳು. ಏನು ಕೊಡಬೇಕು ಬರೆ.

ಪ್ರದೀಪ ಹೋದ ಮೇಲೆ ಇಲ್ಲಿಂದ ಹೊರಡುವಾಗ ನೀನು, ತವರಿನಲ್ಲಿ ಜಾಗವಿಲ್ಲ, ಬೇರೆ ಮನೆ ಮಾಡಿದ ಮೇಲೆ ಜಿಂಕಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಅದನ್ನು ನೆನಪಿಸಲು ಬರೆಯುತ್ತಿಲ್ಲ. ಇಲ್ಲಿಯೇ ಇರಲಿ.

ಇಂತಿ,
ಹನುಮಂತಪ್ಪ


ಹೊಸಬಾಳೆ
9-6-2024

ಮಾವನವರಿಗೆ ನಯನ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಶುಕ್ರವಾರ ಬಂತು. ಓದಿ ಖುಷಿಯಾಯಿತು. ಕೆಲಸದ ಬಗ್ಗೆ ಇಷ್ಟು ದಿನಕ್ಕೆ ಕೇಳಿದವರು ನೀವೊಬ್ಬರೇ.

ಹದಿನೈದು ದಿನ ತರಬೇತಿ ಇತ್ತು. ಈಗ ನನ್ನದೇ ಒಂದು ಚೀಲ ಇದೆ, ಅದರಲ್ಲಿ ಥರ್ಮಾಮೀಟರು, ಜಂತುಹುಳದ ಔಷಧಿ, ಹತ್ತಿ, ಅಯೋಡಿನ್. ಮೊನ್ನೆ ಒಂದು ಆಡಿಗೆ ಹೊಟ್ಟೆ ಉಬ್ಬರಿಸಿ ಸಾಯುವ ಹಾಗಿತ್ತು, ಎಣ್ಣೆ ಕುಡಿಸಿ ಎಡಮಗ್ಗುಲು ತಿಕ್ಕಿ ಉಳಿಸಿದೆ. ಅವತ್ತಿನಿಂದ ಊರಲ್ಲಿ ನನ್ನನ್ನು ಡಾಕ್ಟ್ರಮ್ಮ ಅನ್ನುತ್ತಾರೆ. ತಮಾಷೆಗೆ ಅನ್ನುವುದು, ಆದರೂ ಅನ್ನುತ್ತಾರೆ.

ಜಿಂಕಿಯದು ವಯಸ್ಸಿನ ಕೀಲುನೋವು, ಹೆದರಬೇಡಿ. ದನಗಳಿಗೂ ನಾವು ನೋವಿಗೆ ಇಂಥದೇ ಔಷಧಿ ಕೊಡಿಸುತ್ತೇವೆ. ಅತ್ತೆ ಮಂಡಿಗೆ ನುಂಗುವ ಮಾತ್ರೆ ಇದೆಯಲ್ಲ, ಅದರಲ್ಲಿ ಅರ್ಧ ಮುರಿದು ಅನ್ನದಲ್ಲಿ ಕಲಸಿ ಕೊಡಿ. ದಿನಕ್ಕೆ ಒಂದು ಸಲ. ಎರಡು ದಿನ ನೋಡಿ, ಗುಣ ಕಂಡರೆ ಮುಂದುವರಿಸಿ. ಆಸ್ಪತ್ರೆಗೆ ಅಲೆಯುವುದು ಬೇಡ.

ಇಲ್ಲಿ ಎಲ್ಲ ಸರಿಯಾಗಿದೆ. ಹೊಸದೇನೂ ಇಲ್ಲ.

ಇಂತಿ ನಿಮ್ಮ,
ನಯನ


ಶಿಕಾರಿಪುರ
17-6-2024

ಚಿರಂಜೀವಿ ನಯನಳಿಗೆ ಆಶೀರ್ವಾದ.

ಈ ಕಾಗದವನ್ನು ನಗುತ್ತಾ ಬರೆಯುತ್ತಿದ್ದೇನೆ. ಜಿಂಕಿ ನಾಲ್ಕೂ ಕಾಲು ಊರಿ ನಡೆಯುತ್ತಿದ್ದಾಳೆ. ನಿನ್ನೆ ಮಧ್ಯಾಹ್ನ ಮಿಲ್ಲಿನ ಬಾಗಿಲಿಗೆ ನನ್ನನ್ನು ಹುಡುಕಿಕೊಂಡು ಒಬ್ಬಳೇ ಬಂದಿದ್ದಳು. ಹಮಾಲರೆಲ್ಲ "ಹನುಮಂತಣ್ಣನ ಮಗಳು ಬಂದ್ಲು" ಎಂದು ಕೈ ಮಾಡಿ ತೋರಿಸಿದರು.

ನಿನ್ನತ್ತೆ ಒಂದು ಮಾತು ಆಡಿದಳು, ಅದನ್ನು ನಿನಗೆ ಬರೆಯಲೇಬೇಕು. ಜಿಂಕಿ ಅಂಗಳ ದಾಟಿ ಓಡಿದ್ದನ್ನು ನೋಡಿ, "ನಯನನ ಕೈಗುಣ ಚಲೋ ಐತೆ" ಅಂದಳು. ತುಟಿ ನೋಡಿ ತಿಳಿದುಕೊಂಡೆ. ನಂಬಿಕೆಯಾಗದೆ ಇನ್ನೊಂದು ಸಲ ಹೇಳು ಅಂದೆ. ಇನ್ನೊಂದು ಸಲವೂ ಅದನ್ನೇ ಅಂದಳು. ಪ್ರದೀಪನ ತಿಥಿಯ ದಿನ ಎಲ್ಲರೆದುರು ಅವಳು ನಿನ್ನ ಕಾಲ್ಗುಣದ ಮಾತು ಎತ್ತಿದ್ದಳು. ಎರಡು ವರ್ಷ ಆಯಿತು. ಇಂಥವಳ ಬಾಯಲ್ಲಿ ಈ ಮಾತು ಬಂದಿದೆ ಎಂದರೆ ನೀನೇ ಲೆಕ್ಕ ಹಾಕಿಕೋ.

ಮಳೆ ಹನಿ ಆಡಿದೆ, ಮೆಕ್ಕೆಜೋಳ ಬಿತ್ತುವವರೆಲ್ಲ ಹೊಲ ಸೇರಿದ್ದಾರೆ, ಮಿಲ್ಲಿನಲ್ಲಿ ಕೆಲಸ ಕಡಿಮೆ. ಮಾತ್ರೆಯನ್ನು ದಿನಾ ಬೆಳಿಗ್ಗೆ ನಿನ್ನತ್ತೆಯೇ ಅನ್ನದಲ್ಲಿ ಕಲಸಿ ತಿನ್ನಿಸುತ್ತಾಳೆ. ಉಳಿದರ್ಧ ತಾನು ನುಂಗುತ್ತಾಳೆ. ಇನ್ನೂ ಎಷ್ಟು ದಿನ ಕೊಡಬೇಕು ಬರೆದು ತಿಳಿಸು.

ಇಂತಿ,
ಹನುಮಂತಪ್ಪ


ಶಿಕಾರಿಪುರ
23-6-2024, ಭಾನುವಾರ

ನಯನಳಿಗೆ,

ಉತ್ತರ ಬರಲಿಲ್ಲ. ಕೆಲಸ ಇರಬಹುದು. ಇದನ್ನು ನಾಳೆ ಬೆಳಗಿನ ಬಸ್ಸಿಗೆ ದೇವರಾಜನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ಜಿಂಕಿಗೆ ಮೈ ಸರಿಯಿಲ್ಲ. ಶುಕ್ರವಾರದಿಂದ ತಿಂದದ್ದನ್ನೆಲ್ಲ ಕಾರುತ್ತಿದೆ. ನಿನ್ನೆಯಿಂದ ಭೇದಿ, ಅದು ಡಾಂಬರಿನ ಹಾಗೆ ಕಪ್ಪಗಿದೆ. ಕೊಟ್ಟಷ್ಟು ನೀರು ಕುಡಿಯುತ್ತದೆ, ಕುಡಿದದ್ದೂ ನಿಲ್ಲುವುದಿಲ್ಲ. ಒಸಡು ಬಿಳಚಿಕೊಂಡಿದೆ.

ನಿನ್ನತ್ತೆಯ ಮಾತ್ರೆ ಡಬ್ಬಿ ಗುರುವಾರ ಕೆಳಗೆ ಬಿದ್ದು ಬಾಯಿ ತೆರೆದಿತ್ತು. ನಾವು ಮನೆಯಲ್ಲಿರಲಿಲ್ಲ. ಜಿಂಕಿ ಅದರಲ್ಲಿದ್ದ ಮಾತ್ರೆಗಳನ್ನು ನುಂಗಿರಬೇಕು. ಎಷ್ಟು ಎಂದು ಗೊತ್ತಿಲ್ಲ. ನಾಯಿ ಹೀಗೆ ನುಂಗಿದರೆ ಏನು ಮಾಡಬೇಕು? ಹಾಲು ಕುಡಿಸಲೋ, ಉಪ್ಪುನೀರು ಹಾಕಿ ವಾಂತಿ ಮಾಡಿಸಲೋ? ಇವತ್ತು ಭಾನುವಾರ, ಆಸ್ಪತ್ರೆ ಬಾಗಿಲು ಹಾಕಿದೆ.

ನೀನು ಹೇಳಿದ ಹಾಗೆ ಮಾಡುತ್ತೇವೆ. ಬೇಗ ತಿಳಿಸು.

ಹನುಮಂತಪ್ಪ


ಹೊಸಬಾಳೆ
24-6-2024, ಸೋಮವಾರ ಸಂಜೆ

ಮಾವನವರಿಗೆ,

ಬೆಳಿಗ್ಗೆಯಿಂದ ಸೊರಬದಲ್ಲಿ ಮೀಟಿಂಗ್ ಇತ್ತು. ಮನೆಗೆ ಬಂದದ್ದೇ ಆರೂವರೆಗೆ, ಆಗ ನಿಮ್ಮ ಕಾಗದ ಸಿಕ್ಕಿತು. ಕೂಡಲೇ ಅತ್ತೆಯ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಇದನ್ನು ಬೆಳಗಿನ ಮೊದಲ ಬಸ್ಸಿಗೆ ಕೊಡುತ್ತೇನೆ.

ಓದಿದ ಕೂಡಲೇ ಜಿಂಕಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೊದಲು ಅದು, ಉಳಿದದ್ದೆಲ್ಲ ಆಮೇಲೆ. ಈಗ ಮೊಬೈಲಿನಲ್ಲಿ ಹುಡುಕಿ ಓದಿದೆ, ಮನುಷ್ಯರ ನೋವಿನ ಮಾತ್ರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಕಪ್ಪು ಭೇದಿ ಎಂದರೆ ಒಳಗೆ ರಕ್ತ ಹೋಗುತ್ತಿದೆ. ಹಾಲು ಬೇಡ, ಎಣ್ಣೆ ಬೇಡ, ಉಪ್ಪುನೀರಂತೂ ಬೇಡವೇ ಬೇಡ. ವಾಂತಿ ಮಾಡಿಸಬೇಕೋ ಬೇಡವೋ ಎನ್ನುವುದು ಡಾಕ್ಟರು ತೀರ್ಮಾನ ಮಾಡಬೇಕಾದದ್ದು, ಅದೂ ನುಂಗಿದ ಒಂದೆರಡು ತಾಸಿನೊಳಗೆ. ಈಗ ಆ ಸಮಯ ದಾಟಿದೆ. ಮಾತ್ರೆಯ ಖಾಲಿ ಸ್ಟ್ರಿಪ್ ಜೊತೆಗೆ ತೆಗೆದುಕೊಂಡು ಹೋಗಿ, ಹೆಸರು ಓದಿ ಅವರಿಗೆ ಗೊತ್ತಾಗುತ್ತದೆ. ಎಷ್ಟು ಮಾತ್ರೆ, ಯಾವತ್ತು, ಎಷ್ಟು ಹೊತ್ತಿಗೆ, ಅವರು ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿ. ಡ್ರಿಪ್ ಹಾಕಬೇಕಾಗುತ್ತದೆ, ಹಾಕಿಸಿ.

ಒಂದು ಮಾತು ಕೇಳದೆ ಇರಲಾರೆ. ಮಾತ್ರೆ ಡಬ್ಬಿ ನಾಯಿಗೆ ಎಟುಕುವ ಕಡೆ ಯಾಕಿತ್ತು? ಆ ಮನೆಯಲ್ಲಿ ಸಕ್ಕರೆ ಡಬ್ಬಿಯನ್ನು ಕೂಡ ನಾಗಂದಿಗೆಯ ಮೇಲೆ ಇಡುವ ಪದ್ಧತಿ ಇತ್ತಲ್ಲ.

ನಯನ


ಶಿಕಾರಿಪುರ
26-6-2024

ನಯನಳಿಗೆ,

ಜಿಂಕಿ ನಿನ್ನೆ ಮಧ್ಯಾಹ್ನ ಒಂದು ಗಂಟೆಗೆ ಹೋದಳು.

ನಿನ್ನ ಕಾಗದ ಒಂಬತ್ತು ಗಂಟೆಗೆ ಕೈಗೆ ಬಂತು. ಓದಿದವನೇ ಆಟೋ ತಂದೆ. ನಿನ್ನತ್ತೆ ಹಳೆಯ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಹಾಕಿಕೊಂಡು ಕೂತಳು. ಡಾಕ್ಟರು ಒಳ್ಳೆಯವರು, ಕೂಡಲೇ ಮೇಜಿನ ಮೇಲೆ ಮಲಗಿಸಿ ಡ್ರಿಪ್ ಹಾಕಿದರು. ಎರಡು ಬಾಟಲಿ ಹೋಯಿತು. ಮೂತ್ರ ಬರಲಿಲ್ಲ. ಕೊನೆಗೆ ಒಂದು ಸಲ ತಲೆಯೆತ್ತಿ ಬಾಗಿಲ ಕಡೆ ನೋಡಿತು, ಅಷ್ಟೇ.

ಮಿಲ್ಲಿನ ಹಿಂದೆ, ಹೊಟ್ಟು ಸುರಿಯುವ ಜಾಗದಿಂದ ಈಚೆಗೆ ಗುಂಡಿ ತೋಡಿ ಮಣ್ಣು ಮಾಡಿದೆವು. ಒಂದು ಹಿಡಿ ಉಪ್ಪು ಹಾಕಿದೆ.

ನಿನ್ನತ್ತೆ ನಿನ್ನೆಯಿಂದ ಏನೂ ತಿಂದಿಲ್ಲ. ನಿನಗೆ ತಿಳಿಸಬೇಕಾದ್ದು ಧರ್ಮ, ತಿಳಿಸಿದ್ದೇನೆ.

ಹನುಮಂತಪ್ಪ


ಹೊಸಬಾಳೆ
1-7-2024

ಮಾವನವರಿಗೆ,

ಮೂರು ದಿನ ನನಗೂ ಅನ್ನ ಇಳಿಯಲಿಲ್ಲ. ಇಳಿಯದ್ದಕ್ಕೆ ಕಾರಣ ಹೇಳುತ್ತೇನೆ.

ಪಶುಸಖಿ ಎಂದು ಹೇಳಿಕೊಂಡು ನಾನು ನಿಮ್ಮೂರಿನ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದೆ. ಡಾಕ್ಟರು ಏನು ಹೇಳಿದರು ಗೊತ್ತೇ? ಡಬ್ಬಿ ಬಿದ್ದು ಒಂದು ದಿನ ನುಂಗಿದ್ದಲ್ಲ ಇದು. ಹತ್ತು ಹನ್ನೆರಡು ದಿನ ಹೊಟ್ಟೆಗೆ ಹೋಗಿದೆ. "ಮನೆ ಹೆಂಗಸೇ ಅಳ್ತಾ ಹೇಳಿದ್ರಮ್ಮ, ದಿನಾ ಕೈಯಾರೆ ತಿನ್ನಿಸಿದೆ ಅಂತ" ಅಂದರು. ಹಾಗಿದ್ದ ಮೇಲೆ ಡಬ್ಬಿ ಬಿದ್ದ ಕಥೆ ಯಾಕೆ ಕಟ್ಟಿದಿರಿ ಮಾವ? ಯಾರನ್ನು ಕಾಪಾಡಲು?

ನಾನು ಎರಡು ದಿನ ಎಂದು ಬರೆದಿದ್ದೆ. ಹನ್ನೆರಡು ದಿನ ಎಂದು ಬರೆದಿರಲಿಲ್ಲ.

ನನ್ನ ಕಾಲ್ಗುಣ ಅವರ ಮಗನನ್ನು ತಿಂದಿತು ಎಂದು ಊರೆಲ್ಲ ಕೇಳುವ ಹಾಗೆ ಹೇಳಿದವರು ಅವರು. ಶಿರಾಳಕೊಪ್ಪದ ರಸ್ತೆಯಲ್ಲಿ ಪ್ರದೀಪನ ಬೈಕಿಗೆ ಲಾರಿ ಗುದ್ದಿದಾಗ ನಾನು ಮನೆಯಲ್ಲಿ ಅವರ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ನಾನು ಆ ಮನೆ ಬಿಡುವಾಗ ಜಿಂಕಿ ಬಸ್ ಸ್ಟಾಂಡಿನ ತನಕ ಹಿಂದೆ ಬಂದಿತ್ತು. ನನ್ನ ಹಿಂದೆ ಬಂದದ್ದನ್ನು ಅವರು ಮರೆತಿಲ್ಲ. ಹದಿನೇಳನೇ ತಾರೀಕಿನ ಕಾಗದದಲ್ಲಿ ಕೈಗುಣ ಎಂದು ಚುಚ್ಚಿ ಬರೆಸಿದ್ದೂ ನನಗೆ ತಿಳಿಯಲಿಲ್ಲ ಎಂದುಕೊಳ್ಳಬೇಡಿ. ನನ್ನದು ಎಂದು ಆ ಮನೆಯಲ್ಲಿ ಉಳಿದಿದ್ದು ಅದೊಂದು ಜೀವ, ಅದನ್ನೂ ಉಳಿಸಲಿಲ್ಲ.

ಇದನ್ನೂ ತಿಳಿದುಕೊಳ್ಳಿ. ಶ್ರಾವಣದಲ್ಲಿ ನನ್ನ ಮದುವೆ. ಸೊರಬದಲ್ಲಿ ಎಲೆಕ್ಟ್ರಿಕ್ ಅಂಗಡಿ ಇಟ್ಟಿರುವ ಗಣೇಶ್ ಎಂಬುವರ ಜೊತೆ. ಅಲ್ಲಿ ಹಿತ್ತಲು ದೊಡ್ಡದಿದೆ. ಜಿಂಕಿಯನ್ನು ಕರೆದುಕೊಂಡು ಹೋಗಬೇಕು ಎಂದಿದ್ದೆ. ನಿಮ್ಮ ಮನೆಯವರಿಗೆ ಓದಿ ಹೇಳಿ. ಎಲ್ಲ ಸಾಲನ್ನೂ ಓದಿ ಹೇಳಿ.

ನಯನ


ಶಿಕಾರಿಪುರ
6-7-2024

ನಯನ,

ಎಲ್ಲ ಸಾಲನ್ನೂ ಓದು ಎಂದಿದ್ದೀಯ. ಓದಿದೆ. ನಾನು ಓದಿದರೆ ಹೇಗೆ ಓದುತ್ತೇನೆ ಗೊತ್ತಲ್ಲ, ನನ್ನ ದನಿ ನನಗೆ ಕೇಳುವುದಿಲ್ಲ, ಅಕ್ಕಪಕ್ಕದ ನಾಲ್ಕು ಮನೆಗೆ ಕೇಳುತ್ತದೆ. "ಯಾರನ್ನು ಕಾಪಾಡಲು" ಎನ್ನುವಲ್ಲಿ ಒಂದು ಕ್ಷಣ ನಿಲ್ಲಿಸಿದೆ. ಅವಳು ಮುಖ ನೋಡಿ, "ಓದ್ರಿ" ಅಂದಳು. ಪೂರ್ತಿ ಓದಿದೆ.

ಈಗ ನೀನು ಓದು.

ಡಬ್ಬಿ ಬೀಳಲಿಲ್ಲ. ಅದು ನಾನು ಕಟ್ಟಿದ ಸುಳ್ಳು. ಭಾನುವಾರ ಬೆಳಿಗ್ಗೆ ಔಷಧಿ ಅಂಗಡಿಗೆ ಹೋಗಿ ನಾಯಿಗೆ ವಾಂತಿ ನಿಲ್ಲುವುದಕ್ಕೆ ಏನಾದರೂ ಕೊಡಿ ಎಂದೆ. ಏನು ತಿನ್ನಿಸಿದ್ದೀರಿ ಎಂದು ಅಂಗಡಿಯ ಹುಡುಗಿ ಬರೆದು ಕೇಳಿದಳು. ಮಾತ್ರೆಯ ಸ್ಟ್ರಿಪ್ ತೋರಿಸಿದೆ. ಆ ಹುಡುಗಿಯ ಮುಖ ನೋಡಿದ ಮೇಲೆ ನನಗೆ ಎಲ್ಲ ಗೊತ್ತಾಯಿತು. ಮನೆಗೆ ಬಂದು ನಿನಗೆ ಕಾಗದ ಬರೆಯಲು ಕೂತಾಗ ನಿನ್ನತ್ತೆ ಕೇಳಿದಳು, "ಏನಂತ ಬರೀತೀರಿ?" ನಡೆದದ್ದನ್ನು ಬರೆಯುತ್ತೇನೆ ಎಂದೆ. "ಬ್ಯಾಡ್ರಿ. ಈಗಷ್ಟೇ ಕೆಲಸಕ್ಕೆ ಸೇರ್‍ಯಾಳೆ. ತನ್ನ ಮಾತಿನಿಂದ ಹಿಂಗಾತು ಅಂತ ಗೊತ್ತಾದ್ರೆ ಅವಳು ಬದುಕಾಕಿಲ್ಲ. ಜಿಂಕಿ ತಾನಾಗೇ ನುಂಗೈತೆ ಅಂತ ಬರೀರಿ" ಎಂದಳು. ಹೇಳಿದವಳು ಅವಳು, ಬರೆದವನು ನಾನು. ಕಾಪಾಡಲು ನೋಡಿದ್ದು ನಿನ್ನನ್ನು.

ನೀನು ಎರಡು ದಿನ ಎಂದದ್ದು ನಿಜ. ಗುಣ ಕಂಡರೆ ಮುಂದುವರಿಸಿ ಎಂದದ್ದೂ ಅದೇ ಸಾಲಿನಲ್ಲಿದೆ. ಗುಣ ಕಂಡಿತು, ಮುಂದುವರಿಸಿದಳು. ಹದಿನೇಳರಂದು ಇನ್ನೂ ಎಷ್ಟು ದಿನ ಎಂದು ಕೇಳಿ ಬರೆದೆ. ನೀನು ಉತ್ತರಿಸಲಿಲ್ಲ. ಅವಳ ಬಾಯಲ್ಲಿ ಬಂದ ಒಂದು ಒಳ್ಳೆಯ ಮಾತನ್ನು ನಾನು ಸಂಭ್ರಮಪಟ್ಟು ಬರೆದರೆ ಅದು ನಿನಗೆ ಚುಚ್ಚುವ ಮಾತಾಗಿ ಕಂಡಿತು.

ನನ್ನ ತಪ್ಪೂ ಬರೆಯುತ್ತೇನೆ. ಸೋಮವಾರ ಆಸ್ಪತ್ರೆ ತೆರೆದಿತ್ತು. ಮನೆಯಿಂದ ಒಂದು ಕಿಲೋಮೀಟರು ಇಲ್ಲ. ಅವಳು ಬೆಳಿಗ್ಗೆಯೇ ಹೋಗೋಣ ಎಂದಳು. ನಾನು, "ತಡಿ, ನಯನನ ಉತ್ತರ ಬರ್‍ಲಿ, ಅವಳಿಗೆ ಗೊತ್ತಿರ್‍ತೈತೆ" ಎಂದೆ. ನಿನ್ನ ಮೇಲೆ ಅಷ್ಟು ನಂಬಿಕೆ ಇಟ್ಟೆ. ಆ ಒಂದು ದಿನ ನಾನು ಕಳೆದದ್ದು. ಸಾಯುವ ತನಕ ಅದು ನನ್ನದೇ.

ಆದರೆ ನಯನ, ಫೋನಿನ ವಿಷಯ ಬಿಡಲಾರೆ. ಯಾರೂ ಎತ್ತಲಿಲ್ಲ ಎಂದು ಬರೆದಿದ್ದೀಯ. ಸೋಮವಾರ ಸಂಜೆ ಏಳು ಗಂಟೆ ಹತ್ತು ನಿಮಿಷಕ್ಕೆ ಅವಳ ಫೋನು ಬೆಳಗಿತು. ನಾನು ಎದುರಿಗೇ ಕೂತಿದ್ದೆ. ನಿನ್ನ ಹೆಸರನ್ನು ಅವಳಿಗೆ ಓದಲು ಬರುವುದಿಲ್ಲ, ಆದರೆ ಪ್ರದೀಪ ಹಿಂದೆ ಹಾಕಿಕೊಟ್ಟ ನಿನ್ನ ಫೋಟೊ ಬರುತ್ತದೆ. ಎತ್ತಿದಳು. "ಹೇಳವ್ವ ನಯನ" ಎಂದಳು. ತುಟಿಯಲ್ಲಿ ಕಂಡೆ. ಮತ್ತೆ, "ಹೇಳವ್ವ, ಏನ್ ಮಾಡ್ಬೇಕು ಹೇಳು" ಎಂದಳು. ಆಮೇಲೆ ಫೋನನ್ನು ಕಿವಿಯಿಂದ ತೆಗೆದು ನೋಡಿದಳು. ನೆಟ್‌ವರ್ಕ್ ಹೋಯಿತು ಎಂದುಕೊಂಡು ಮಂಡಿನೋವಿನಲ್ಲೇ ಎದ್ದು ರಸ್ತೆಗೆ ಹೋಗಿ ನಿಂತಳು, ಅಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎಂದು. ಮತ್ತೆ ಬರಲಿಲ್ಲ. ಬಂದ ಕರೆಗಳ ಪಟ್ಟಿ ನಾನೇ ನೋಡಿದೆ. ನಾಲ್ಕಲ್ಲ, ಒಂದು. ಹನ್ನೆರಡು ಸೆಕೆಂಡು.

ಮದುವೆ ಚೆನ್ನಾಗಿ ಆಗಲಿ. ಎರಡು ವರ್ಷದಿಂದ ನಾವಿಬ್ಬರೂ ಬಯಸಿದ್ದು ಅದನ್ನೇ. ನೀನು ಅದನ್ನು ಹೊಡೆಯುವ ಕಲ್ಲಿನ ಹಾಗೆ ಬರೆಯಬೇಕಾಗಿರಲಿಲ್ಲ.

ಹನುಮಂತಪ್ಪ


ಹೊಸಬಾಳೆ
29-7-2024

ಮಾವ, ಅತ್ತೆ, ಇಬ್ಬರಿಗೂ.

ಇಪ್ಪತ್ತು ದಿನ ಬರೆದು ಬರೆದು ಹರಿದೆ. ಮೊದಲು ಬರೆದವುಗಳಲ್ಲೆಲ್ಲ ಏನಾದರೊಂದು ಕಾರಣ ಇರುತ್ತಿತ್ತು. ತರಬೇತಿಯಲ್ಲಿ ನಾಯಿಯ ಬಗ್ಗೆ ಹೇಳಿಕೊಡಲಿಲ್ಲ, ಕೆಲಸ ಜಾಸ್ತಿ ಇತ್ತು, ಹೀಗೆ. ಇದರಲ್ಲಿ ಕಾರಣ ಇಲ್ಲ.

ಅತ್ತೆ ಫೋನು ಎತ್ತಿದ್ದರು. ಒಂದೇ ಸಲ ಮಾಡಿದ್ದು. "ಹೇಳವ್ವ" ಎಂದ ದನಿ ಕೇಳಿದ ಕೂಡಲೇ ನನಗೆ ತಿಥಿಯ ದಿನದ ದನಿಯೇ ಕೇಳಿತು. ಅವರ ಜೊತೆ ನಾನಾಗಿ ಮೊದಲು ಮಾತಾಡಿದರೆ ಸೋತ ಹಾಗೆ ಎಂದು ಅನ್ನಿಸಿತು. ಹೇಳಬೇಕಾಗಿದ್ದದ್ದು ಒಂದು ಮಾತು, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು. ರಾತ್ರಿಯೇ ಡಾಕ್ಟರ ಮನೆಗೆ ಹೋಗಬಹುದಿತ್ತು. ನಾನು ಕಟ್ ಮಾಡಿ ಕಾಗದ ಬರೆಯಲು ಕೂತೆ. ಅಕ್ಷರ ಚೆನ್ನಾಗಿ ಬರಲಿ ಎಂದು ಅಡಿಯಲ್ಲಿ ಗೆರೆ ಹಾಳೆ ಇಟ್ಟುಕೊಂಡೆ. ಬೆಳಿಗ್ಗೆ ಬಸ್ಸಿಗೆ ಕಾಗದ ಕೊಟ್ಟೆ, ನಾನು ಹತ್ತಲಿಲ್ಲ. ಅದೇ ಬಸ್ಸು, ಒಂದೂವರೆ ತಾಸಿನ ದಾರಿ.

ಹದಿನೇಳರ ಕಾಗದವನ್ನು ಕೈಗುಣ ಎಂಬ ಮಾತಿನ ತನಕ ಓದಿ ಮಡಚಿ ಇಟ್ಟಿದ್ದೆ. ಕೊನೆಯ ಸಾಲುಗಳನ್ನು ಓದಿದ್ದು ಜಿಂಕಿ ಹೋದ ಮೇಲೆ. ಅತ್ತೆಯ ಮೇಲೆ ಹೊರಿಸಿ ಬರೆದೆನಲ್ಲ, ಅವತ್ತು ಅದನ್ನು ಓದಿಯಾಗಿತ್ತು. ಅರ್ಧ ಮಾತ್ರೆ ಕೊಡಿ ಎಂದದ್ದು ನಾನು ಎನ್ನುವುದೂ ಮರೆತಿರಲಿಲ್ಲ. ಗೊತ್ತಿದ್ದೇ ಬರೆದೆ. ತಪ್ಪು ಯಾರ ಮೇಲಾದರೂ ಇಳಿಯಬೇಕಾಗಿತ್ತು, ಅವರ ಮೇಲೆ ಇಳಿಸುವುದು ಸುಲಭವಾಗಿತ್ತು.

ಸೊರಬದ ಪಶು ಆಸ್ಪತ್ರೆಯ ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಗೊತ್ತಿಲ್ಲ ಅನ್ನೋದಕ್ಕೆ ಏನ್ ಕಷ್ಟ ಇತ್ತು ಮಾರಾಯ್ತಿ?" ಎಂದು ಕೇಳಿದರು.

ಕಳೆದ ವಾರ ನಮ್ಮೂರಿನ ಸಾವಿತ್ರಿಬಾಯಿಯವರ ನಾಯಿ ಅವರ ಸೊಂಟನೋವಿನ ಮಾತ್ರೆಯನ್ನು ಸ್ಟ್ರಿಪ್ ಸಮೇತ ಅಗಿದು ಹಾಕಿತ್ತು. ನಾನು ಹೋಗುವಷ್ಟರಲ್ಲಿ ಒಬ್ಬರು ಹಾಲು, ಒಬ್ಬರು ಉಪ್ಪುನೀರು ಹಿಡಿದು ನಿಂತಿದ್ದರು. ಏನೂ ಹಾಕಲು ಬಿಡಲಿಲ್ಲ. ಸ್ಟ್ರಿಪ್ಪಿನ ಚೂರುಗಳನ್ನು ಆರಿಸಿ ಸೇರಿಸಿ ನೋಡಿದರೆ ಆರು ಮಾತ್ರೆ ಹೋಗಿತ್ತು. ನಾಯಿಯನ್ನು ಎತ್ತಿಕೊಂಡು ಬೈಕಿನಲ್ಲಿ ಸೊರಬಕ್ಕೆ ಓಡಿದೆ. ನುಂಗಿ ಮುಕ್ಕಾಲು ತಾಸು ಆಗಿತ್ತಷ್ಟೇ. ಡಾಕ್ಟರು ಇಂಜೆಕ್ಷನ್ ಕೊಟ್ಟು ಕಾರಿಸಿದರು, ಎರಡು ದಿನ ಡ್ರಿಪ್ ಹಾಕಿದರು. ಬದುಕಿತು. ಸಾವಿತ್ರಿಬಾಯಿ ನನ್ನ ಕೈ ಹಿಡಿದುಕೊಂಡು ಅತ್ತರು. ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಅವರಿಗೆ ಹೇಳಲಾಗಲಿಲ್ಲ.

ಅತ್ತೆ, ನನಗೆ ನಿಮ್ಮನ್ನು ನೋಡಬೇಕು. ಮದುವೆಗೆ ಮುಂಚೆ ಒಂದು ಸಲ ಬಂದು ನಿಮ್ಮ ಕಾಲು ಹಿಡಿಯುತ್ತೇನೆ. ಬರಲೇ? ಬಾ ಎಂದು ಒಂದು ಗೆರೆ ಬರೆಸಿ.

ನಯನ


ಶಿಕಾರಿಪುರ
8-8-2024

ನಯನಳಿಗೆ,

ನಿನ್ನ ಕಾಗದ ಬಂದು ಒಂದು ವಾರವಾಯಿತು. ಮೊದಲ ದಿನವೇ ಓದಿ ಹೇಳಿದೆ. ಸಾವಿತ್ರಿಬಾಯಿಯ ನಾಯಿ ಬದುಕಿತು ಎನ್ನುವಲ್ಲಿಗೆ ಬಂದಾಗ ನಿನ್ನತ್ತೆ ಸಾಕು ಎಂದು ಕೈ ಮಾಡಿದಳು. ಉಳಿದದ್ದನ್ನು ಮಾರನೇ ದಿನ ಅವಳೇ ಕೇಳಿ ಓದಿಸಿಕೊಂಡಳು.

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ, ನನ್ನದೇನೂ ಸೇರಿಸಿಲ್ಲ. "ತನ್ನ ತಪ್ಪು ನನ್ನ ಹತ್ರ ಒಪ್ಕಂಡ್ಳು, ಚಲೋ ಆತು. ದಿನಾ ಬೆಳಿಗ್ಗೆ ನಾನು ಅನ್ನ ಕಲಸಿದ್ರೆ ಬಾಲ ಆಡಿಸ್ಕೊಂಡು ಬಂದು ಕೈಯಾಗೇ ತಿಂತಿತ್ತು. ನಾನು ಯಾರ ಹತ್ರ ಒಪ್ಕಳ್ಳಿ?"

ಬರುವ ವಿಷಯ ಕೇಳಿದೆ. ಬೇಡ ಎಂದಳು. ನಾನು ಒತ್ತಾಯ ಮಾಡಿದೆ, ಚಿಕ್ಕವಳು, ಕಾಲು ಹಿಡಿಯುತ್ತೇನೆ ಎಂದು ಬರೆದಿದ್ದಾಳೆ ಎಂದೆ. "ಬಂದ್ರೆ ಇಬ್ರೂ ಅಳ್ತೀವಿ. ಅತ್ತು ಹಗುರಾಗಿ ಅವಳು ಬಸ್ ಹತ್ತಿ ಹೋಗ್ತಾಳೆ. ನಂಗೆ ಹಗುರಾಗೋದು ಬ್ಯಾಡ" ಎಂದಳು. ಸಿಟ್ಟಿನಲ್ಲಿ ಹೇಳಿದ್ದಲ್ಲ. ಸಿಟ್ಟಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಅವಳು ಮಂಡಿಯ ಮಾತ್ರೆ ನುಂಗುವುದನ್ನು ಬಿಟ್ಟಿದ್ದಾಳೆ. ಜಿಂಕಿ ಹೋದ ದಿನದಿಂದ ಒಂದೂ ನುಂಗಿಲ್ಲ. ಎರಡೂ ಮಂಡಿ ಬಾತುಕೊಂಡಿವೆ, ಬಚ್ಚಲಿಗೆ ಹೋಗುವುದಕ್ಕೂ ನನ್ನ ಹೆಗಲು ಬೇಕು. ಡಾಕ್ಟರ ಹತ್ತಿರ ಹೋಗೋಣ ಎಂದರೆ ತಲೆ ಅಲ್ಲಾಡಿಸುತ್ತಾಳೆ. ಇದನ್ನು ನಿನಗೆ ಬರೆಯಬಾರದು ಎಂದಿದ್ದಾಳೆ. ಆದರೂ ಬರೆದೆ. ಹಿಂದೆ ಒಂದು ಸಲ ಅವಳ ಮಾತು ಕೇಳಿ ಸುಳ್ಳು ಬರೆದದ್ದೇ ಸಾಕು.

ಮದುವೆಗೆ ನಾವು ಬರುವುದಿಲ್ಲ. ಬಂದರೆ ಗಣೇಶನ ಮನೆಯವರಿಗೆ ಏನೆಂದು ಪರಿಚಯ ಮಾಡಿಕೊಡುತ್ತೀಯ? ಅವರು ಒಳ್ಳೆಯವರಾಗಿರಲಿ. ನೀನು ಕಲಿತ ಕೆಲಸ ಬಿಡಬೇಡ.

ಪ್ರದೀಪ ಇದ್ದಾಗ ನಿನಗೆ ಕಾಗದ ಬರೆಯುವ ಕಾರಣವೇ ಇರಲಿಲ್ಲ. ಅವನು ಹೋದ ಮೇಲೆ ಜಿಂಕಿ ಉಂಡಳು, ಜಿಂಕಿ ಮಲಗಿದಳು, ಜಿಂಕಿಗೆ ಉಣ್ಣೆಹುಳ ಹತ್ತಿದೆ ಎಂದು ಎರಡು ವರ್ಷ ಬರೆದೆ. ನೀನೂ ಅದಕ್ಕೆ ಉತ್ತರ ಬರೆದೆ. ಈ ಸಲ ಅದನ್ನು ಬಿಟ್ಟು ಬೇರೆ ಏನಾದರೂ ಬರೆಯೋಣ ಎಂದು ನಾಲ್ಕು ದಿನ ಹಾಳೆ ಮುಂದೆ ಇಟ್ಟುಕೊಂಡು ಕೂತೆ. ಏನೂ ಬರಲಿಲ್ಲ.

ಹನುಮಂತಪ್ಪ